ಈಜಿಪ್ಟ್ ಗುಂಪು ಪ್ರವಾಸ: ಬಿಸಿಲ ನಾಡಿಗೆ ಹೊರಡುವ ಮುನ್ನ



ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಲ್ಲಿ ಒಟ್ಟಿಗೆ ಸೇರುವ ನಾವು ಮಕ್ಕಳ ಶಾಲೆಗೆ ರಜೆ ಬಂದಾಗ ನಾಲ್ಕಾರು ಕುಟುಂಬ ಕೂಡಿ ಪ್ರವಾಸಕ್ಕೆ ಹೋಗುವುದೂ ಉಂಟು. ಇಂಗ್ಲೆಂಡಿನಲ್ಲಿರುವ ನಮಗೆ ಈಜಿಪ್ಟ್ ಅಷ್ಟೇನೂ ದೂರವಲ್ಲ. ಲಂಡನ್ನಿನಿಂದ ಕೈರೋಗೆ ವಿಮಾನದಲ್ಲಿ ಸುಮಾರು 5 ಗಂಟೆ. ಪಿರಮಿಡ್ಡು, ಲಕ್ಸರ್‌ನ ದೇವಾಲಯಗಳು, ನೈಲ್ ನದಿಯ ಮೇಲಿನ ಹಡಗಿನ ಪಯಣ ಮಕ್ಕಳಿಗೂ ಇಷ್ಟ, ಊರಿನಿಂದ ಬಂದ ಅಜ್ಜ-ಅಜ್ಜಿಯರಿಗೂ ಇಷ್ಟ. 2025ರ ನವೆಂಬರಿನಲ್ಲಿ ಗೀಜಾದ ಪಿರಮಿಡ್ಡುಗಳ ಪಕ್ಕದಲ್ಲೇ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಅಧಿಕೃತವಾಗಿ ಉದ್ಘಾಟನೆಯಾಗಿದೆ. ತುತಂಖಾಮನ್‌ನ ಸಮಾಧಿಯಲ್ಲಿ 1922ರಲ್ಲಿ ಸಿಕ್ಕ ವಸ್ತುಗಳನ್ನೆಲ್ಲ ಅಲ್ಲಿ ಒಂದೇ ಕಡೆ ನೋಡಬಹುದು.

ಏನು ನೋಡಬೇಕು ಎಂಬುದನ್ನು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಹತ್ತು-ಹದಿನೈದು ಕುಟುಂಬಗಳು, ಮೂರು ತಲೆಮಾರಿನವರು, ಒಂದೇ ಬಸ್ಸಿನಲ್ಲಿ ಅಂಥ ಬಿಸಿಲಿಗೆ ಹೋಗಿ ಎಲ್ಲರೂ ಆರೋಗ್ಯವಾಗಿ ಹಿಂತಿರುಗುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಬಿಸಿಲು ನಮಗೇನು ಹೊಸದೇ?

ಈಜಿಪ್ಟ್ ಎಂದ ಕೂಡಲೇ ನಮ್ಮವರಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ರಾಯಚೂರು, ಕಲಬುರಗಿಯ ಬಿಸಿಲು ಕಂಡವರು ನಾವು, ಇದ್ಯಾವ ಲೆಕ್ಕ ಬಿಡಿ!" ಇಡೀ ತಯಾರಿಯನ್ನು ಹಾಳು ಮಾಡುವುದು ಈ ಒಂದು ಮಾತು.

ಬಿಸಿಲನ್ನು ತಾಳುವ ಶಕ್ತಿ ಹುಟ್ಟಿನಿಂದ ಬಂದು ಕೊನೆಯವರೆಗೂ ಉಳಿಯುವಂಥದ್ದಲ್ಲ. ಬಿಸಿಯಲ್ಲಿ ದಿನವೂ ಓಡಾಡಿದರೆ ಒಂದರಿಂದ ಎರಡು ವಾರದಲ್ಲಿ ದೇಹ ಅದಕ್ಕೆ ಒಗ್ಗುತ್ತದೆ. ಬೆವರು ಬೇಗ ಬರಲು ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದಲ್ಲಿ ನೀರಿನ ಅಂಶ ಹೆಚ್ಚುವುದರಿಂದ ಹೃದಯಕ್ಕೆ ಶ್ರಮ ಕಡಿಮೆಯಾಗುತ್ತದೆ. ತಂಪು ಪ್ರದೇಶಕ್ಕೆ ಮರಳಿದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಇದೆಲ್ಲ ಕರಗಿ ಹೋಗುತ್ತದೆ. ಹತ್ತು ವರ್ಷದಿಂದ ಲೀಡ್ಸ್‌ನಲ್ಲೋ ಗ್ಲಾಸ್ಗೋದಲ್ಲೋ ಇರುವ ರಾಯಚೂರಿನವರ ಮೈಯೂ ಪಕ್ಕದ ಮನೆಯ ಇಂಗ್ಲಿಷರ ಮೈಯೂ ಬಿಸಿಲಿನ ಮಟ್ಟಿಗೆ ಬೇರೆಯಲ್ಲ. ಪಕ್ಕದ ಮನೆಯವರಿಗೆ ಬಿಸಿಲೆಂದರೆ ಭಯವಿರುತ್ತದೆ, ನಮಗೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಸಂಗತಿಯೂ ಇದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಧಾರಾಕಾರ ಇಳಿಯುತ್ತದೆ, ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ತಾನಾಗಿ ಗೊತ್ತಾಗುತ್ತದೆ. ಲಕ್ಸರ್, ಆಸ್ವಾನ್‌ಗಳದ್ದು ಮರುಭೂಮಿಯ ಒಣ ಹವೆ. ಅಲ್ಲಿ ವರ್ಷಗಟ್ಟಲೆ ಮಳೆಯ ಹನಿ ಬೀಳದಿರುವುದೂ ಉಂಟು. ಬೆವರು ಮೈಮೇಲೆ ಬಂದ ಕೂಡಲೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ. "ನನಗೆ ಬೆವರೇ ಬರುತ್ತಿಲ್ಲ" ಎಂದುಕೊಂಡು ನಡೆಯುತ್ತಿರುವಾಗಲೇ ದೇಹದಿಂದ ಲೀಟರುಗಟ್ಟಲೆ ನೀರು ಹೋಗಿರುತ್ತದೆ.

ಯಾವ ರಜೆ ಒಳ್ಳೆಯದು?

ಲಕ್ಸರ್-ಆಸ್ವಾನ್ ಭಾಗದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಗಲಿನ ಗರಿಷ್ಠ ತಾಪಮಾನ ಸುಮಾರು 23ರಿಂದ 26 ಡಿಗ್ರಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದರಿಂದ ಒಂದು ಸ್ವೆಟರ್ ಬೇಕು. ಹಿರಿಯರನ್ನು ಕರೆದೊಯ್ಯುವವರಿಗೆ ಕ್ರಿಸ್‌ಮಸ್ ರಜೆ ಅಥವಾ ಫೆಬ್ರವರಿಯ ಅರ್ಧಾವಧಿ ರಜೆ ಉತ್ತಮ.

ಅಕ್ಟೋಬರಿನ ಅರ್ಧಾವಧಿ ರಜೆ ಮತ್ತು ಈಸ್ಟರ್ ರಜೆಗಳಲ್ಲಿ ಹಗಲು 35 ಡಿಗ್ರಿಯ ಆಸುಪಾಸು ಇರುತ್ತದೆ. ಮಾರ್ಚ್‌ನಿಂದ ಮೇವರೆಗೆ ಖಮ್ಸೀನ್ ಎಂಬ ಬಿಸಿಗಾಳಿ ಮರಳನ್ನು ಹೊತ್ತು ಬೀಸುವುದುಂಟು. ಆಗ ಉಷ್ಣಾಂಶ ಒಮ್ಮೆಲೇ ಏರುತ್ತದೆ, ಉಬ್ಬಸ ಇರುವವರಿಗೆ ತೊಂದರೆಯಾಗುತ್ತದೆ. ಜುಲೈ-ಆಗಸ್ಟ್‌ನ ಬೇಸಿಗೆ ರಜೆಯಲ್ಲಿ ದಿನವೂ 40 ಡಿಗ್ರಿ ದಾಟುತ್ತದೆ. ಹೋಟೆಲು ಅಗ್ಗವಾಗಿ ಸಿಗುವುದು ಆಗಲೇ, ಅದಕ್ಕೆ ಕಾರಣವೂ ಈ ಬಿಸಿಲೇ. ಸಣ್ಣ ಮಕ್ಕಳು, ಎಪ್ಪತ್ತು ದಾಟಿದವರು, ಗರ್ಭಿಣಿಯರು ಇರುವ ಗುಂಪು ಆ ತಿಂಗಳುಗಳನ್ನು ಬಿಟ್ಟುಬಿಡುವುದೇ ಲೇಸು.

ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಆಗ ತಾಣಗಳು ಬೇಗ ಮುಚ್ಚಬಹುದು, ಹಗಲು ಹೊತ್ತು ಅನೇಕ ಉಪಾಹಾರ ಗೃಹಗಳು ತೆರೆದಿರುವುದಿಲ್ಲ. ದಿನಾಂಕ ಗೊತ್ತು ಮಾಡುವ ಮುನ್ನ ಇದನ್ನೂ ನೋಡಿಕೊಳ್ಳಿ.

ಆರು ವಾರ ಮೊದಲು: ಕಾಗದಪತ್ರ, ಲಸಿಕೆ, ವಿಮೆ

ಒಂದೇ ಗುಂಪಿನಲ್ಲಿ ಮೂರು ಬಗೆಯವರಿರುತ್ತಾರೆ: ಬ್ರಿಟಿಷ್ ಪಾಸ್‌ಪೋರ್ಟಿನವರು, ಭಾರತದ ಪಾಸ್‌ಪೋರ್ಟಿನಲ್ಲಿ ಇಲ್ಲಿ ನೆಲೆಸಿರುವವರು, ಊರಿನಿಂದ ಭೇಟಿಗೆ ಬಂದ ತಂದೆ-ತಾಯಿಯರು. ಮೂವರಿಗೂ ಈಜಿಪ್ಟಿನ ವೀಸಾ ನಿಯಮ ಒಂದೇ ಅಲ್ಲ. ಒಬ್ಬರಿಗೆ ಅನ್ವಯವಾದದ್ದು ಎಲ್ಲರಿಗೂ ಆಗುತ್ತದೆಂದು ತಿಳಿಯದೆ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬೇರೆಯಾಗಿ ಪರಿಶೀಲಿಸಿ. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ. ಭಾರತದ ಪಾಸ್‌ಪೋರ್ಟಿನವರು ಹಿಂತಿರುಗುವಾಗಿನ ವಿಷಯವನ್ನೂ ಯೋಚಿಸಬೇಕು. ಬ್ರಿಟನ್ನಿನ ಹಳೆಯ ಬಿ.ಆರ್.ಪಿ. ಕಾರ್ಡುಗಳ ಕಾಲ 2024ರ ಕೊನೆಗೆ ಮುಗಿದು ಇ-ವೀಸಾ ಬಂದಿದೆ. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಅದರ ಸಂಖ್ಯೆಯನ್ನು ತಮ್ಮ ಇ-ವೀಸಾ ಖಾತೆಗೆ ಸೇರಿಸದಿದ್ದರೆ ಕೈರೋ ವಿಮಾನ ನಿಲ್ದಾಣದಲ್ಲಿ ಪೇಚಾಡಬೇಕಾಗುತ್ತದೆ. ತಂದೆ-ತಾಯಿಯರ ವೀಸಾ ಮತ್ತೊಮ್ಮೆ ಬ್ರಿಟನ್ ಪ್ರವೇಶಿಸಲು ಅವಕಾಶ ಕೊಡುತ್ತದೆಯೇ ಎಂದೂ ಖಚಿತ ಮಾಡಿಕೊಳ್ಳಿ.

ಹೆಪಟೈಟಿಸ್-ಎ ಮತ್ತು ಟೈಫಾಯ್ಡ್ ಲಸಿಕೆಗಳ ಬಗ್ಗೆ ಜಿ.ಪಿ. ಅಥವಾ ಪ್ರಯಾಣ ಚಿಕಿತ್ಸಾಲಯದಲ್ಲಿ ವಿಚಾರಿಸಿ. ಲಸಿಕೆಗಳು ಕೆಲಸ ಮಾಡಲು ಸಮಯ ಬೇಕಾದ್ದರಿಂದ ಕೊನೆಯ ವಾರದವರೆಗೆ ಕಾಯಬೇಡಿ.

ವಿಮೆಯ ವಿಷಯದಲ್ಲಿ ಎರಡು ಮಾತು. ಯೂರೋಪಿನಲ್ಲಿ ಉಪಯೋಗಕ್ಕೆ ಬರುವ ಜಿ.ಎಚ್.ಐ.ಸಿ. ಕಾರ್ಡು ಈಜಿಪ್ಟಿನಲ್ಲಿ ನಡೆಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಏನೇ ಇದ್ದರೂ ವಿಮೆ ಮಾಡಿಸುವಾಗ ಮುಚ್ಚಿಡದೆ ತಿಳಿಸಿ. ನಾಲ್ಕು ಪೌಂಡು ಉಳಿಸಲು ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲು ಪೂರ್ತಿ ನಮ್ಮ ತಲೆಗೇ ಬರುತ್ತದೆ. ಇಲ್ಲಿನ ಹೆಚ್ಚಿನ ಪ್ರಯಾಣ ವಿಮೆಗಳು ಬ್ರಿಟನ್ನಿನ ನಿವಾಸಿಗಳಿಗೆ ಮಾತ್ರ. ಊರಿನಿಂದ ಬರುವ ಹಿರಿಯರು ಭಾರತದಲ್ಲಿ ಮಾಡಿಸುವ ವಿಮೆಯಲ್ಲಿ ಬ್ರಿಟನ್ ಜೊತೆಗೆ ಈಜಿಪ್ಟ್ ಕೂಡ ಸೇರಿರಬೇಕು. ಇದನ್ನು ಅವರು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುಂಚೆಯೇ ನೋಡಿಕೊಳ್ಳಬೇಕು. ಲಕ್ಸರ್‌ನಲ್ಲಿ ಬಿಸಿಗಾಳಿಯ ಬಲೂನು ಹತ್ತುವ ಆಸೆಯಿದ್ದರೆ ವಿಮೆಯಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಓದಿ. 2013ರ ಫೆಬ್ರವರಿಯಲ್ಲಿ ಅಲ್ಲಿ ಬಲೂನು ದುರಂತದಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರು.

ಔಷಧಿಗಳ ಬಗ್ಗೆ ಎಚ್ಚರಿಕೆ

ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಮಾತ್ರೆಗಳಿಗೆ ಈಜಿಪ್ಟಿನಲ್ಲಿ ಕಠಿಣ ನಿರ್ಬಂಧವಿದೆ. ಟ್ರಾಮಡಾಲ್ ಮಾತ್ರೆಗಳನ್ನು ಒಯ್ದ ಬ್ರಿಟಿಷ್ ಪ್ರವಾಸಿಯೊಬ್ಬರಿಗೆ 2017ರಲ್ಲಿ ಅಲ್ಲಿನ ನ್ಯಾಯಾಲಯ 3 ವರ್ಷದ ಸೆರೆವಾಸ ವಿಧಿಸಿತ್ತು. ಕೊಡೀನ್ ಇರುವ ಮಾತ್ರೆ, ನಿದ್ದೆಯ ಮಾತ್ರೆಗಳ ವಿಷಯದಲ್ಲಿ ಮೊದಲೇ ಈಜಿಪ್ಟ್ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಬೇಕೇ ಬೇಕಾದ ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಪತ್ರದೊಂದಿಗೆ ಒಯ್ಯಿರಿ. ಹೆಸರಿಲ್ಲದ ಡಬ್ಬಿಯಲ್ಲಿ ಕಷಾಯದ ಪುಡಿ, ಚೂರ್ಣಗಳು ಬೇಡ. ದುಬೈ ಮೊದಲಾದ ಕೊಲ್ಲಿ ನಗರಗಳ ಮೂಲಕ ಹೋಗುವವರು ಗಸಗಸೆಯನ್ನೂ ಗಸಗಸೆ ಹಾಕಿದ ಮಸಾಲೆ ಪುಡಿಯನ್ನೂ ಮನೆಯಲ್ಲೇ ಬಿಡಬೇಕು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ನಿಷೇಧಿತ ವಸ್ತು.

ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳೂ ಬಿಸಿಲಿನಲ್ಲಿ ಅಥವಾ ವಾಂತಿ-ಭೇದಿಯಾದಾಗ ನಿರ್ಜಲೀಕರಣವನ್ನು ಹೆಚ್ಚಿಸಬಹುದು. ಅಂಥ ದಿನ ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂದು ಹೊರಡುವ ಮುಂಚೆ ವೈದ್ಯರಿಂದ ಬರೆಸಿಕೊಳ್ಳಿ. ನೀವೇ ನಿರ್ಧರಿಸಿ ನಿಲ್ಲಿಸಬೇಡಿ. ಇನ್ಸುಲಿನ್ ಕೈಚೀಲದಲ್ಲಿರಲಿ, ಸಾಮಾನಿನ ಜೊತೆ ಹಾಕಬೇಡಿ. ಬಿಸಿಯಾದ ಬಸ್ಸಿನಲ್ಲಿ ಬಿಟ್ಟರೆ ಅದು ಕೆಡುತ್ತದೆ, ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಅದಕ್ಕೆಂದೇ ತಂಪು ಚೀಲಗಳು ಸಿಗುತ್ತವೆ.

ಎರಡು ವಾರ ಮೊದಲು: ಮೈಯನ್ನು ಪಳಗಿಸುವುದು

ಆರೋಗ್ಯವಂತ ವಯಸ್ಕರು ಹೊರಡುವ ಎರಡು ವಾರ ಮೊದಲಿನಿಂದ ದಿನವೂ 30ರಿಂದ 60 ನಿಮಿಷ ಬಿರುಸಾಗಿ ನಡೆಯಬೇಕು, ಒಂದು ಪದರ ಬಟ್ಟೆ ಹೆಚ್ಚಿಗೆ ಹಾಕಿಕೊಂಡು ಬೆವರು ಬರುವ ಹಾಗೆ ನಡೆಯಬೇಕು. ಇದರಿಂದ ಪೂರ್ತಿ ಒಗ್ಗದಿದ್ದರೂ ದೇಹಕ್ಕೆ ಬೆವರುವ ಅಭ್ಯಾಸವಾಗುತ್ತದೆ. ಪ್ರವಾಸಕ್ಕೆಂದು ಕೊಂಡ ಬೂಟುಗಳನ್ನು ಈ ನಡಿಗೆಯಲ್ಲೇ ಹಳತಾಗಿಸಿ. ಕಾರ್ನಾಕ್‌ನ ಕಲ್ಲುಹಾಸಿನ ಮೇಲೆ ಹೊಸ ಬೂಟು ಕಚ್ಚಿದರೆ ಮುಂದಿನ ನಾಲ್ಕು ದಿನ ಹಡಗಿನ ಕೋಣೆಯೇ ಗತಿ.

ಹಿರಿಯರಿಗೆ, ಹೃದಯದ ತೊಂದರೆ ಇರುವವರಿಗೆ ಈ ಬೆವರಿಸುವ ಕಸರತ್ತು ಬೇಡ. ಅವರಿಗೆ ಬೇಕಾದದ್ದು ಮೊದಲ ಎರಡು ದಿನ ಬಿಡುವಾಗಿರುವ ಕಾರ್ಯಕ್ರಮ. ಇಳಿದ ಮರುದಿನವೇ ಪಿರಮಿಡ್ಡಿನ ಬಿಸಿಲಿಗೆ ನಿಲ್ಲಿಸದೆ, ಮೊದಲ ದಿನ ಹವಾನಿಯಂತ್ರಿತ ಮ್ಯೂಸಿಯಂ, ಎರಡನೆಯ ದಿನ ಬೆಳಿಗ್ಗೆ ಎರಡು ಗಂಟೆ ಹೊರಗೆ, ಹೀಗೆ ಹಂತಹಂತವಾಗಿ ಹೆಚ್ಚಿಸಿ.

ಪೆಟ್ಟಿಗೆಯಲ್ಲಿ ಏನೇನಿರಲಿ

ತುಂಬು ತೋಳಿನ, ಸಡಿಲವಾದ, ತಿಳಿ ಬಣ್ಣದ ಹತ್ತಿ ಬಟ್ಟೆ ಎಲ್ಲಕ್ಕಿಂತ ಉತ್ತಮ. ಮೈ ತೆರೆದಿದ್ದರೆ ತಂಪು ಎಂಬುದು ನೆರಳಿನಲ್ಲಿ ಸರಿ, ಮರುಭೂಮಿಯ ಬಿಸಿಲಿನಲ್ಲಿ ಅಲ್ಲ. ಹೆಂಗಸರಿಗೆ ತೆಳು ಹತ್ತಿಯ ಸಲ್ವಾರ್ ಕಮೀಜ್ ಬಿಸಿಲಿಗೂ ಆಯಿತು, ಮಸೀದಿಗಳ ಒಳಗೆ ಹೋಗಲೂ ಆಯಿತು. ತಲೆಗೆ ಹೊದೆಯಲು ದುಪ್ಪಟ್ಟಾ ಇದ್ದೇ ಇರುತ್ತದೆ. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಎಲ್ಲರಿಗೂ ಬೇಕು. ನಮ್ಮ ಬಣ್ಣದ ಚರ್ಮವೂ ಸುಡುತ್ತದೆ.

ಪ್ರತಿಯೊಬ್ಬರಿಗೂ ಒಂದೊಂದು ತೆಳು ಹತ್ತಿಯ ಟವೆಲ್ ಇಟ್ಟುಕೊಳ್ಳಿ. ಉತ್ತರ ಕರ್ನಾಟಕದ ರೈತರು ಹೆಗಲಿಗೆ, ತಲೆಗೆ ಒದ್ದೆ ಟವೆಲ್ ಹಾಕಿಕೊಳ್ಳುವುದರ ಹಿಂದೆ ಒಳ್ಳೆಯ ವಿಜ್ಞಾನವಿದೆ. ನೀರು ಆರುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಒಣ ಹವೆಯಲ್ಲಿ ಇದು ಮಂಗಳೂರಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಮಕ್ಕಳ ಆಟದ ಡ್ರೋನ್ ಪೆಟ್ಟಿಗೆಯಲ್ಲಿದ್ದರೆ ತೆಗೆದಿಡಿ. ಅನುಮತಿಯಿಲ್ಲದೆ ಡ್ರೋನ್ ಒಯ್ಯುವುದು ಅಲ್ಲಿ ಅಪರಾಧ.

ನೀರು, ಉಪ್ಪು, ಊಟ

ನಲ್ಲಿ ನೀರು ಕುಡಿಯಬೇಡಿ. ಹಲ್ಲುಜ್ಜಲೂ ಮುಚ್ಚಳ ಭದ್ರವಾಗಿರುವ ಬಾಟಲಿ ನೀರೇ ಇರಲಿ, ಐಸ್ ಬೇಡ. ಈಜಿಪ್ಟಿನ ಬೀದಿಗಳಲ್ಲಿ ದಾರಿಹೋಕರಿಗಾಗಿ ಜೀರ್ ಎಂಬ ಮಣ್ಣಿನ ಹಂಡೆಗಳಲ್ಲಿ ನೀರು ಇಟ್ಟಿರುತ್ತಾರೆ. ಹಳೆಯ ಕೈರೋದಲ್ಲಿ ಸಬೀಲ್ ಎಂಬ ಸುಂದರ ನೀರಿನ ಕಟ್ಟೆಗಳೇ ಇವೆ, 1744ರಲ್ಲಿ ಕಟ್ಟಿದ ಅಬ್ದುಲ್ ರಹಮಾನ್ ಕತ್‌ಖುದಾ ಸಬೀಲ್ ಅವುಗಳಲ್ಲಿ ಹೆಸರಾದದ್ದು. ನಮ್ಮ ಅರವಟ್ಟಿಗೆಯದೇ ಧರ್ಮ. ಕಣ್ತುಂಬ ನೋಡಿ, ಮಕ್ಕಳಿಗೆ ತೋರಿಸಿ, ಆದರೆ ಪ್ರವಾಸಿಗಳ ಹೊಟ್ಟೆಗೆ ಆ ನೀರು ಒಗ್ಗಲಿಕ್ಕಿಲ್ಲ.

ನದಿ ಕಂಡರೆ ಇಳಿದು ಕಾಲು ತೊಳೆದು ತಲೆಗೆ ನೀರು ಚಿಮುಕಿಸಿಕೊಳ್ಳುವುದು ನಮ್ಮ ಸಂಪ್ರದಾಯ. ನೈಲ್ ನದಿಯಲ್ಲಿ ಮಾತ್ರ ಅದು ಬೇಡ. ಸಿಹಿನೀರಿನ ಬಸವನಹುಳುಗಳಿಂದ ಹರಡುವ ಬಿಲ್ಹಾರ್ಜಿಯಾ ಎಂಬ ರೋಗದ ಪರೋಪಜೀವಿ ನೀರಿಗಿಳಿದವರ ಚರ್ಮದ ಮೂಲಕವೇ ಒಳಸೇರುತ್ತದೆ. ಈಜಿಪ್ಟ್ ಈ ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತಂದಿದ್ದರೂ ನೈಲ್ ಮತ್ತು ಕಾಲುವೆಗಳಲ್ಲಿ ಇಳಿಯಬಾರದೆಂದೇ ಪ್ರವಾಸಿಗಳಿಗೆ ಸಲಹೆ. ಹಡಗಿನ ಮೇಲಿಂದಲೇ ಕೈಮುಗಿಯಿರಿ. ಕ್ಲೋರಿನ್ ಹಾಕಿದ ಈಜುಕೊಳಕ್ಕೂ ಸಮುದ್ರಕ್ಕೂ ಈ ಭಯವಿಲ್ಲ.

ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕಾರು ಗುಟುಕು ಕುಡಿಯಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಮಕ್ಕಳಿಗೆ ಆಟದಲ್ಲಿ ನೆನಪಿರುವುದಿಲ್ಲ. ಮೂತ್ರ ತಿಳಿ ಹಳದಿಯಿದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು ಎಂದರ್ಥ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತೊಂದರೆಯಾಗುತ್ತದೆ. ಆದ್ದರಿಂದ ಜೊತೆಗೆ ಚಕ್ಕುಲಿ, ಖಾರದ ಅವಲಕ್ಕಿ, ಉಪ್ಪು ಹಾಕಿದ ಶೇಂಗಾ ಏನಾದರೂ ಬಾಯಾಡಿಸಿ. ಹೃದಯ, ಮೂತ್ರಪಿಂಡದ ತೊಂದರೆಯಿದ್ದು ನೀರು-ಉಪ್ಪಿಗೆ ಮಿತಿಯಿರುವವರು ವೈದ್ಯರ ಮಾತನ್ನೇ ಪಾಲಿಸಬೇಕು.

ಓ.ಆರ್.ಎಸ್. ಪೊಟ್ಟಣಗಳನ್ನು ಪ್ರತಿಯೊಬ್ಬರೂ ಎರಡು-ಮೂರು ಇಟ್ಟುಕೊಳ್ಳಿ. ಅದು ಮುಗಿದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ. ಚಮಚವೆಂದರೆ ಇಲ್ಲಿ ಟೀ ಚಮಚ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಅಳತೆ ತಪ್ಪಬೇಡಿ.

ಸಸ್ಯಾಹಾರಿಗಳಿಗೆ ಈಜಿಪ್ಟ್ ಕಷ್ಟದ ದೇಶವಲ್ಲ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆಯ ಮೇಲೆ ಟೊಮ್ಯಾಟೊ ಸಾರು, ಕರಿದ ಈರುಳ್ಳಿ ಹಾಕಿಕೊಡುವ ಕೊಶರಿ ಅಲ್ಲಿನ ಜನಸಾಮಾನ್ಯರ ಊಟ. ಬೇಯಿಸಿದ ಬಾಕಳಾ ಕಾಳಿನ ಫೂಲ್, ಅದೇ ಕಾಳು ರುಬ್ಬಿ ಕರಿದ ತಾಮಿಯಾ, ಎರಡೂ ಎಲ್ಲೆಡೆ ಸಿಗುತ್ತವೆ. ತಾಮಿಯಾ ನಮ್ಮ ಮಸಾಲೆ ವಡೆಯ ಅಣ್ಣನೋ ತಮ್ಮನೋ ಇರಬೇಕು. ಜಿ6ಪಿಡಿ ಕೊರತೆ ಇರುವವರು ಮಾತ್ರ ಈ ಬಾಕಳಾ ಕಾಳನ್ನು ಮುಟ್ಟಬಾರದು. ಸೂಪು ಮತ್ತು ಮುಲೂಖಿಯಾ ಎಂಬ ಸೊಪ್ಪಿನ ಸಾರನ್ನು ಹಲವೆಡೆ ಕೋಳಿಯ ರಸದಲ್ಲಿ ಮಾಡುತ್ತಾರೆ, ಕೇಳಿಯೇ ತಿನ್ನಿ. "ಬಿದೂನ್ ಲಹ್ಮ" ಎಂದರೆ ಮಾಂಸವಿಲ್ಲದೆ, "ಮಯ್ಯ" ಎಂದರೆ ನೀರು. ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಹೂವಿನಿಂದ ಮಾಡುವ ಕರ್ಕದೆ ಎಂಬ ಕೆಂಪು ಪಾನೀಯವನ್ನು ಬಿಸಿಬಿಸಿಯಾಗಿ ಕುಡಿದು ನೋಡಿ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಒಯ್ಯುವುದು ಜಾಣತನ. ಹೋಟೆಲಿನಲ್ಲಿ ಅನ್ನ ಕಟ್ಟಿಸಿಕೊಂಡು ಮೊಸರನ್ನ, ಚಿತ್ರಾನ್ನ ಕಲಸಿ ಬಿಸಿ ಬಸ್ಸಿನಲ್ಲಿ ಮಧ್ಯಾಹ್ನದವರೆಗೆ ಇಡುವುದು ಜಾಣತನವಲ್ಲ. ಬೆಚ್ಚಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಏಕಾದಶಿ, ನವರಾತ್ರಿಯ ಉಪವಾಸ ಬಿಡದ ಹಿರಿಯರು ಹಣ್ಣು, ಹಾಲು, ನೀರನ್ನಾದರೂ ತೆಗೆದುಕೊಳ್ಳಲೇಬೇಕು. ಮರುಭೂಮಿಯಲ್ಲಿ ನಿರ್ಜಲ ಉಪವಾಸ ಖಂಡಿತ ಬೇಡ.

ದಿನದ ವೇಳಾಪಟ್ಟಿಯೇ ದೊಡ್ಡ ಔಷಧಿ

ಕಾರ್ನಾಕ್ ದೇವಾಲಯ, ರಾಜರ ಕಣಿವೆ ಮೊದಲಾದ ತಾಣಗಳು ಬೆಳಿಗ್ಗೆ 6 ಗಂಟೆಗೇ ತೆರೆಯುತ್ತವೆ. 5ಕ್ಕೆ ಎದ್ದು 6ಕ್ಕೆ ಬಾಗಿಲಲ್ಲಿದ್ದು 10 ಗಂಟೆಗೆ ಬಸ್ಸು ಹತ್ತಿದರೆ ಬಿಸಿಲಿನ ಅರ್ಧ ಅಪಾಯ ಕಳೆಯಿತು. 11ರಿಂದ 4ರವರೆಗೆ ಊಟ, ನಿದ್ದೆ, ಮಕ್ಕಳಿಗೆ ಈಜು. ಲಕ್ಸರ್ ದೇವಾಲಯ ರಾತ್ರಿಯೂ ತೆರೆದಿರುವುದರಿಂದ ಅದನ್ನು ಸಂಜೆಗೆ ಇಟ್ಟುಕೊಳ್ಳಿ, ದೀಪದ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ರವಾಸದ ಕಂಪನಿಯವರು ಒಂದೇ ದಿನಕ್ಕೆ ಐದು ತಾಣ ತುರುಕಿದ ಪಟ್ಟಿ ಕೊಟ್ಟರೆ ಹಣ ಕಟ್ಟುವ ಮೊದಲೇ ಎರಡನ್ನು ತೆಗೆಸಿ. ತಾಣಗಳ ಟಿಕೆಟ್ಟಿಗೆ ಹಲವೆಡೆ ಕಾರ್ಡು ಮಾತ್ರ ನಡೆಯುತ್ತದೆ. ಕಾರ್ಡು ಇಲ್ಲದೆ ಬಿಸಿಲ ಸಾಲಿನಲ್ಲಿ ನಿಂತು ಪರದಾಡಬೇಡಿ.

ಒಳಗೆ ನೆರಳಿದೆ ಎಂದರೆ ತಂಪಿದೆ ಎಂದಲ್ಲ. ರಾಜರ ಕಣಿವೆಯ ಸಮಾಧಿಗಳಲ್ಲಿ ಜನರ ಉಸಿರಿನಿಂದಲೇ ಸೆಕೆ ತುಂಬಿರುತ್ತದೆ, ಕೆಲವಕ್ಕೆ ಕಡಿದಾದ ಮೆಟ್ಟಿಲುಗಳಿವೆ. ದೊಡ್ಡ ಪಿರಮಿಡ್ಡಿನ ಒಳಗಿನ ಏರುದಾರಿಯ ಎತ್ತರ ಸುಮಾರು 1.2 ಮೀಟರ್ ಮಾತ್ರ, ಬಗ್ಗಿಕೊಂಡೇ ಹತ್ತಬೇಕು, ಗಾಳಿಯಾಡುವುದಿಲ್ಲ. ಮಂಡಿ ನೋವು, ಉಬ್ಬಸ, ಹೃದಯದ ತೊಂದರೆ ಇರುವವರು ಹೊರಗಿನಿಂದ ನೋಡಿದರೆ ಏನೂ ನಷ್ಟವಿಲ್ಲ.

ಅಬು ಸಿಂಬೆಲ್ ಆಸ್ವಾನ್‌ನಿಂದ ಸುಮಾರು 280 ಕಿ.ಮೀ. ದೂರ. ಬಸ್ಸಿನಲ್ಲಿ ಹೋಗಲು ಮೂರೂವರೆ ಗಂಟೆ, ಬರಲೂ ಅಷ್ಟೇ, ಪೂರ್ತಿ ಮರುಭೂಮಿ. ಬೆಳಗಿನ ಜಾವ 4 ಗಂಟೆಗೆ ಹೊರಡುವ ವಾಡಿಕೆ ಇರುವುದು ಇದಕ್ಕೇ. ಬಸ್ಸಿನಲ್ಲಿ ಹೆಚ್ಚಿಗೆ ನೀರಿನ ಪೆಟ್ಟಿಗೆ ಇರಲಿ. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಸೂರ್ಯಕಿರಣ ಗರ್ಭಗುಡಿ ತಲುಪುವುದನ್ನು ನೋಡಲು ಭಾರಿ ಜನ ಸೇರುತ್ತಾರೆ. ಹಿರಿಯರು, ಮಕ್ಕಳಿರುವ ಗುಂಪು ಆ ದಿನಗಳನ್ನು ತಪ್ಪಿಸಿದರೆ ಒಳ್ಳೆಯದು.

ಹೇಳದೆ ಸಹಿಸಿಕೊಳ್ಳುವವರು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಮನೆಗಳ ಹಿರಿಯರು ಸುಸ್ತಾದರೆ ಹೇಳುವವರಲ್ಲ. ಮಗ-ಸೊಸೆ ಇಷ್ಟು ಖರ್ಚು ಮಾಡಿ ಕರೆತಂದಿದ್ದಾರೆ, ನನ್ನಿಂದ ಇಡೀ ಬಸ್ಸಿಗೆ ತೊಂದರೆಯಾಗಬಾರದು ಎಂದು ತಲೆ ಸುತ್ತಿದರೂ "ಏನಿಲ್ಲಪ್ಪ, ನಡಿ" ಎನ್ನುತ್ತಾರೆ. ಶೌಚಾಲಯ ಸಿಗುವುದೋ ಇಲ್ಲವೋ ಎಂದು ಎಷ್ಟೋ ಹೆಂಗಸರು ಬೆಳಗಿನಿಂದ ನೀರನ್ನೇ ಮುಟ್ಟುವುದಿಲ್ಲ. ಹದಿಹರೆಯದ ಹುಡುಗರು ಗೆಳೆಯರ ಮುಂದೆ ಸೋಲೊಪ್ಪುವುದಿಲ್ಲ. "ತೊಂದರೆಯಾದರೆ ಹೇಳಿ" ಎಂದು ಬಸ್ಸಿನಲ್ಲಿ ಘೋಷಿಸಿದರೆ ಕೆಲಸ ಮುಗಿಯುವುದಿಲ್ಲ. ಅವರು ಬಾಯಿಬಿಟ್ಟು ಹೇಳುವ ಅಗತ್ಯವೇ ಬಾರದಂತೆ ವ್ಯವಸ್ಥೆ ಇರಬೇಕು. ಹೊರಡುವ ಮೊದಲು ಎಲ್ಲ ಕುಟುಂಬದವರು ಕೂತು ಈ ಕೆಳಗಿನವನ್ನು ಒಪ್ಪಿಕೊಂಡರೆ ಸಾಕು:

1. ಐದಾರು ಜನರಿಗೆ ಒಂದು ತಂಡ, ಅದಕ್ಕೊಬ್ಬ ಮುಖಂಡ. ಪ್ರತಿ ಹಿರಿಯರಿಗೂ ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಆ ಜೊತೆಗಾರ ಸ್ವಂತ ಮಗ-ಮಗಳಲ್ಲದೆ ಬೇರೆ ಮನೆಯವರಾದರೆ ಇನ್ನೂ ಒಳ್ಳೆಯದು. ಮಗನಿಗೆ ಹೇಳದ್ದನ್ನು ಹಿರಿಯರು ಅವರಿಗೆ ಹೇಳುವುದುಂಟು.

2. ಅರ್ಧ ಗಂಟೆಗೊಮ್ಮೆ ಎಲ್ಲರೂ ನೆರಳಲ್ಲಿ ನಿಂತು ನೀರು ಕುಡಿಯುವುದು. ಯಾರೂ ಕೇಳಿಕೊಳ್ಳಬೇಕಾಗಿಲ್ಲ, ಯಾರೂ ಬೇಡವೆನ್ನುವಂತಿಲ್ಲ.

3. ಪ್ರತಿ ದಿನ ಶೌಚಾಲಯ ಎಲ್ಲೆಲ್ಲಿ, ಎಷ್ಟು ಗಂಟೆಗೆ ಎಂದು ಬೆಳಿಗ್ಗೆಯೇ ತಿಳಿಸುವುದು. ಟಿಶ್ಯೂ, ಸ್ಯಾನಿಟೈಸರ್, ಕೊಡಲು ಚಿಲ್ಲರೆ ಈಜಿಪ್ಟ್ ಪೌಂಡು ಎಲ್ಲರ ಬಳಿ ಇರುವುದು.

4. ಗುಂಪಿನಲ್ಲಿ ಯಾರು ನಿಧಾನವೋ ಅವರು ಮುಂದೆ ನಡೆಯುವುದು. ಅವರನ್ನು ದಾಟಿ ಯಾರೂ ಹೋಗದಿರುವುದು.

5. ಪ್ರತಿ ದಿನವೂ ಒಂದು ಚಿಕ್ಕ ಕಾರ್ಯಕ್ರಮವನ್ನು ಮೊದಲೇ ಪಟ್ಟಿಯಲ್ಲಿ ಹಾಕಿಡುವುದು: ಹಡಗಿನ ಮೇಲೆ ಕುಳಿತು ನೈಲ್ ನೋಡುವುದು, ಹೋಟೆಲಿನಲ್ಲಿ ಚೌಕಾಬಾರ, ಭಜನೆ. ಹೊರಗೆ ಹೋಗದವರು "ಉಳಿದವರು" ಆಗದೆ ಇನ್ನೊಂದು ಕಾರ್ಯಕ್ರಮಕ್ಕೆ ಹೋದವರಾಗುತ್ತಾರೆ. ಜೊತೆಗೆ ಒಬ್ಬ ವಯಸ್ಕರು ಸರದಿಯಂತೆ ಇರುವುದು.

ನಮ್ಮ ಗುಂಪುಗಳಲ್ಲಿ ವೈದ್ಯರಿಗೆ ಬರವಿಲ್ಲ. ಆದರೂ ಅವರು ರಜೆಯಲ್ಲಿ ಬಂದವರು. ಮೊದಲೇ ಒಬ್ಬರನ್ನು ಕೇಳಿ ಒಪ್ಪಿಸಿ, ಪ್ರತಿಯೊಬ್ಬರ ಕಾಯಿಲೆ, ಮಾತ್ರೆ, ಅಲರ್ಜಿ, ವಿಮೆಯ ಸಂಖ್ಯೆ ಬರೆದ ಹಾಳೆಯನ್ನು ಮುಚ್ಚಿದ ಲಕೋಟೆಯಲ್ಲಿ ಮುಖಂಡರ ಬಳಿ ಇಡಿ. ಹೋಟೆಲಿನ ಹೆಸರು, ವಿಳಾಸವನ್ನು ಅರಬ್ಬಿಯಲ್ಲಿ ಬರೆದ ಚೀಟಿ ಮಕ್ಕಳ, ಹಿರಿಯರ ಜೇಬಿನಲ್ಲಿರಲಿ. ಫೋನಿನ ಬ್ಯಾಟರಿ ಮುಗಿದಾಗಲೂ ಅದು ಕೆಲಸಕ್ಕೆ ಬರುತ್ತದೆ.

ಅಪಾಯದ ಲಕ್ಷಣಗಳು

ತಲೆನೋವು, ತಲೆಸುತ್ತು, ಓಕರಿಕೆ, ಸ್ನಾಯು ಹಿಡಿತ, ವಿಪರೀತ ಸುಸ್ತು, ಮಕ್ಕಳಲ್ಲಿ ಕಿರಿಕಿರಿ ಅಥವಾ ಮಂಕು: ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ಕೂಡಲೇ ನೆರಳಿಗೆ ಅಥವಾ ಹವಾನಿಯಂತ್ರಿತ ಬಸ್ಸಿಗೆ ಕರೆತಂದು ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ. ಮೈಗೆ ನೀರು ಚಿಮುಕಿಸಿ ಗಾಳಿ ಬೀಸಿ. ಕತ್ತು, ಕಂಕುಳಿಗೆ ಬಟ್ಟೆಯಲ್ಲಿ ಸುತ್ತಿದ ತಂಪು ಪೊಟ್ಟಣ ಇಡಿ. ಎಚ್ಚರವಾಗಿದ್ದರೆ ನೀರು ಅಥವಾ ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸಿ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾರೆ.

ಅರ್ಧ ಗಂಟೆಯಾದರೂ ಸುಧಾರಿಸದಿದ್ದರೆ, ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಕಾದ ಹೆಂಚಿನಂತೆ ಸುಡುತ್ತಿದ್ದರೆ, ಸೆಳವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ದೇಹದ ತಾಪ 40 ಡಿಗ್ರಿ ದಾಟಿರಬಹುದು, ಪ್ರಾಣಕ್ಕೆ ಅಪಾಯ. ಈಜಿಪ್ಟಿನಲ್ಲಿ ಆಂಬುಲೆನ್ಸ್ ಸಂಖ್ಯೆ 123, ಪ್ರವಾಸಿ ಪೊಲೀಸ್ 126. ಮಾರ್ಗದರ್ಶಿಯಿಂದಲೇ ಕರೆ ಮಾಡಿಸಿದರೆ ಭಾಷೆಯ ತೊಡಕಿಲ್ಲ. ಆಂಬುಲೆನ್ಸ್ ಬರುವವರೆಗೆ ಮೈ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ. ಪ್ಯಾರಾಸಿಟಮಾಲ್ ಕೊಟ್ಟರೆ ಈ ತಾಪ ಇಳಿಯುವುದಿಲ್ಲ, ಇದು ಜ್ವರವಲ್ಲ.

ಕೊನೆಯದಾಗಿ

ಹೊರಡುವ ವಾರ ಬ್ರಿಟನ್ ಸರ್ಕಾರದ ವಿದೇಶಾಂಗ ಇಲಾಖೆಯ ಈಜಿಪ್ಟ್ ಪ್ರಯಾಣ ಸಲಹೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಬೇಡವೆಂದಿರುವ ಪ್ರದೇಶಕ್ಕೆ ಹೋದರೆ ವಿಮೆಯೂ ಸಿಗಲಿಕ್ಕಿಲ್ಲ.

ಮೂರು ಸಾವಿರ ವರ್ಷದಿಂದ ನಿಂತಿರುವ ಕಾರ್ನಾಕ್‌ನ ಕಂಬಗಳು ಇನ್ನೊಂದು ದಿನ ಕಾಯುತ್ತವೆ. ನೋಡದೆ ಬಿಟ್ಟ ಒಂದು ಸಮಾಧಿಯ ಬಗ್ಗೆ ಮುಂದೆ ಯಾರೂ ಬೇಸರ ಪಡುವುದಿಲ್ಲ. ಹಿರಿಯರೊಬ್ಬರನ್ನು ಪರದೇಶದ ಆಸ್ಪತ್ರೆಯಲ್ಲಿ ಬಿಟ್ಟು ಉಳಿದವರು ವಿಮಾನ ಹತ್ತಬೇಕಾಗಿ ಬಂದರೆ ಆ ನೋವು ಇಡೀ ಗುಂಪಿಗೆ ಬಹುಕಾಲ ಉಳಿಯುತ್ತದೆ. ಬಿಸಿಲಿಗೆ ಮರ್ಯಾದೆ ಕೊಡಿ, ನಿಧಾನವಾಗಿ ನಡೆಯಿರಿ, ಎಲ್ಲರೂ ಜೊತೆಯಾಗಿ ಹೋಗಿ ಜೊತೆಯಾಗಿ ಬನ್ನಿ.

ಪ್ರಯಾಣ ಸುಖಕರವಾಗಿರಲಿ!